ಪೆನಾಲ್ಟಿ ಚುಕ್ಕೆಯ ಬಳಿ ಜಂಟಲ್‌ಮನ್

ಚೆನ್ನೈನ ನೆಹರೂ ಕ್ರೀಡಾಂಗಣದಲ್ಲಾಗಲಿ ಬೆಂಗಳೂರಿನ ಕಂಠೀರವದಲ್ಲಾಗಲಿ, ಪೆನಾಲ್ಟಿ ಸಿಕ್ಕಿತೆಂದರೆ ನಮ್ಮ ಕಣ್ಣೆಲ್ಲ ಒದೆಯುವವನ ಮೇಲೆ. ರೆಫರಿಯ ನಿಜವಾದ ಕಷ್ಟ ಮಾತ್ರ ಅದಕ್ಕೂ ಮೊದಲಿನ ಒಂದೆರಡು ನಿಮಿಷದ್ದು. ಒಬ್ಬ ಚೆಂಡು ಕೊಡುವುದಿಲ್ಲ, ಇನ್ನೊಬ್ಬ ಚುಕ್ಕೆಯ ಮೇಲಿನ ಹುಲ್ಲನ್ನು ಬೂಟಿನಿಂದ ಕೆದಕುತ್ತಾನೆ, ಗೋಲ್‌ಕೀಪರ್ ಬಂದು ಎದುರಾಳಿಯ ಕಿವಿಯಲ್ಲಿ ಏನೋ ಹೇಳಿ ಹೋಗುತ್ತಾನೆ. ಈ ಒಂದೆರಡು ನಿಮಿಷವನ್ನು ಆಳಲು ನಿಯಮ ಬರೆದವರು ನೂರಮೂವತ್ತು ವರ್ಷಗಳಿಂದ ತಿಣುಕಾಡುತ್ತಿದ್ದಾರೆ.

ಪೆನಾಲ್ಟಿ ಕಿಕ್ ಹುಟ್ಟಿದ್ದು 1891ರಲ್ಲಿ. ಸೂಚಿಸಿದವನು ಐರ್ಲೆಂಡಿನ ಅರ್ಮಾ ಕೌಂಟಿಯ ವಿಲಿಯಂ ಮೆಕ್ರಮ್, ಸ್ವತಃ ಗೋಲ್‌ಕೀಪರ್. ಇಂಗ್ಲೆಂಡಿನ ಹವ್ಯಾಸಿ ಆಟಗಾರರಿಗೆ ಇದು ಅವಮಾನ ಅನ್ನಿಸಿತು. ಜಂಟಲ್‌ಮನ್ ಆದವನು ಬೇಕೆಂದೇ ತಪ್ಪು ಮಾಡುತ್ತಾನೆಯೇ ಎಂಬುದು ಅವರ ವಾದ. ಕೊರಿಂಥಿಯನ್ಸ್ ತಂಡದ ಗೋಲ್‌ಕೀಪರ್ ಪೆನಾಲ್ಟಿ ಬಂದರೆ ಕಂಬಕ್ಕೆ ಒರಗಿ ನಿಂತುಬಿಡುತ್ತಿದ್ದ ಎಂಬ ಕತೆ ಇಂದಿಗೂ ಓಡಾಡುತ್ತಿದೆ.

ಉಳಿದವರು ಅಷ್ಟು ಉದಾರಿಗಳಾಗಿರಲಿಲ್ಲ. ಮೊದಲ ನಿಯಮದಲ್ಲಿ ಗೋಲ್‌ಕೀಪರ್ ಆರು ಗಜ ಮುಂದೆ ಬರಬಹುದಿತ್ತು. 1905ರಲ್ಲಿ ಅವನನ್ನು ಗೋಲ್ ಗೆರೆಗೆ ಕಟ್ಟಿಹಾಕಿದರು. 1929ರಲ್ಲಿ ಕಾಲು ಅಲ್ಲಾಡಿಸಬಾರದು ಎಂದರು. 1997ರಲ್ಲಿ ಗೆರೆಯ ಮೇಲೆ ಅತ್ತಿತ್ತ ಸರಿಯಲು ಬಿಟ್ಟರು. 2019ರಿಂದ ಒಂದು ಪಾದವಾದರೂ ಗೆರೆಗೆ ತಾಗಿದ್ದರೆ ಸಾಕು.

ಅನುವಾದಕಿಯಾದ ನನ್ನನ್ನು ಹಿಡಿದು ನಿಲ್ಲಿಸುವುದು ಅದೇ 1997ರ ಇನ್ನೊಂದು ತಿದ್ದುಪಡಿ. ಅಲ್ಲಿಯವರೆಗೆ ಇಂಗ್ಲಿಷ್ ನಿಯಮಪುಸ್ತಕದಲ್ಲಿ ದುರ್ವರ್ತನೆಗೆ ಇದ್ದ ಹೆಸರು ‘ಜಂಟಲ್‌ಮನ್‌ಗೆ ತಕ್ಕುದಲ್ಲದ ನಡತೆ’. ಮೊದಲ ಮಹಿಳಾ ವಿಶ್ವಕಪ್ 1991ರಲ್ಲಿ ಚೀನಾದಲ್ಲಿ ನಡೆದಾಗ ಆ ಹೆಣ್ಣುಮಕ್ಕಳು ಆಡಿದ್ದೂ ಇದೇ ಪದದ ಕೆಳಗೆ! ಆಮೇಲೆ ಬಂದದ್ದು ‘ಕ್ರೀಡಾಮನೋಭಾವಕ್ಕೆ ಸಲ್ಲದ ವರ್ತನೆ’. ಅಳತೆಗೋಲು ವ್ಯಕ್ತಿಯ ಅಂತಸ್ತಿನಿಂದ ಆಟಕ್ಕೆ ಬಂತು.

ಹೊಸ ಪದವೂ ಸಾಲಲಿಲ್ಲ. 2022ರ ವಿಶ್ವಕಪ್ ಫೈನಲ್ ಶೂಟೌಟ್‌ನಲ್ಲಿ ಅರ್ಜೆಂಟೀನಾದ ಎಮಿಲಿಯಾನೊ ಮಾರ್ಟಿನೆಜ್ ಚೆಂಡನ್ನು ದೂರ ಎಸೆದ. ಅದನ್ನು ಹೋಗಿ ತಂದು ಒದೆದ ಫ್ರಾನ್ಸಿನ ಚುವಾಮೆನಿ ಗುರಿ ತಪ್ಪಿದ. 2023ರ ಜುಲೈ 1ರಿಂದ ಜಾರಿಗೆ ಬಂದ ನಿಯಮ ಬಿಡಿಸಿ ಹೇಳುತ್ತದೆ: ಗೋಲ್‌ಕೀಪರ್ ತಡ ಮಾಡುವಂತಿಲ್ಲ; ಒದೆಯುವವನ ಗಮನ ಕೆಡಿಸಲು ಕಂಬ, ಅಡ್ಡಪಟ್ಟಿ, ಬಲೆ ಮುಟ್ಟುವಂತಿಲ್ಲ. ಅದೇ ದಿನ ಕಂಠೀರವದಲ್ಲಿ ಸ್ಯಾಫ್ ಸೆಮಿಫೈನಲ್‌ನಲ್ಲಿ ಭಾರತ ಲೆಬನಾನ್ ತಂಡವನ್ನು ಶೂಟೌಟ್‌ನಲ್ಲಿ 4-2ರಿಂದ ಸೋಲಿಸಿತು ಎಂಬುದು ಕಾಕತಾಳೀಯ. ಆಗಲೇ ಶುರುವಾಗಿದ್ದ ಟೂರ್ನಿಗಳು ಹಳೆಯ ನಿಯಮದಲ್ಲೇ ಮುಗಿಯಲು ಅವಕಾಶವಿತ್ತು.

ಈಗ ರೆಫರಿ ಮಾಡುವುದೇನು? ಸೀಟಿ ಊದುವ ಮೊದಲು ಗಲಾಟೆಯಾದರೆ ಅದನ್ನು ಮುಗಿಸಿಯೇ ಮುಂದಿನ ಮಾತು. ಹೊತ್ತು ಮೀರಿದರೂ ಪೆನಾಲ್ಟಿ ಎಲ್ಲಿಗೂ ಹೋಗುವುದಿಲ್ಲ. ಗೋಲ್‌ಕೀಪರ್ ಬೇಗ ಗೆರೆ ಬಿಟ್ಟು ಚೆಂಡು ತಡೆದರೆ ಮತ್ತೆ ಒದೆಯಬೇಕು. ಮೊದಲ ಸಲ ಬಾಯಿಮಾತಿನ ಎಚ್ಚರಿಕೆ, ಮರುಕಳಿಸಿದರೆ ಹಳದಿ ಕಾರ್ಡ್. ಒದೆಯುವವನು ಓಟ ಮುಗಿಸಿದ ಮೇಲೆ ಒದೆಯುವಂತೆ ನಟಿಸಿದರೆ, ಗೋಲಾದರೂ ಅದು ಲೆಕ್ಕಕ್ಕಿಲ್ಲ. ಹಳದಿ ಕಾರ್ಡ್ ಅವನಿಗೇ. ಬಾಯಿಮಾತಿಗೂ ಕಾರ್ಡಿಗೂ ಇಂಗ್ಲಿಷ್‌ನಲ್ಲಿ ಬೇರೆ ಬೇರೆ ಪದವಿದೆ. ಕನ್ನಡದಲ್ಲಿ ಎರಡಕ್ಕೂ ‘ಎಚ್ಚರಿಕೆ’ಯೇ ಗತಿ. ಅನುವಾದದಲ್ಲಿ ಈ ಗೆರೆ ಅಳಿಸಿದರೆ ಶಿಕ್ಷೆಯ ಲೆಕ್ಕವೇ ತಪ್ಪುತ್ತದೆ.

ಇಷ್ಟು ಬಿಡಿಸಿ ಬರೆದದ್ದನ್ನು ಆಟದ ಸೊಗಸು ಕಳೆದುಹೋಯಿತು ಎಂದು ಬೇಸರಿಸುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ತಮಿಳುನಾಡಿನ ರೂಪಾ ದೇವಿ ಫಿಫಾ ರೆಫರಿಯಾದವರು. ಅಂಥವರು ಚುಕ್ಕೆಯ ಬಳಿ ನಿಂತಾಗ, ಸುತ್ತ ಅರಚುವವರಲ್ಲಿ ಯಾರು ಜಂಟಲ್‌ಮನ್ ಎಂದು ತೀರ್ಪು ಕೊಡಬೇಕಾಗಿಲ್ಲ. ಪಾದ ಎಲ್ಲಿದೆ, ಕೈ ಎಲ್ಲಿದೆ ಎಂದು ನೋಡಿದರಾಯಿತು.