ಜಾನಪದ ಪಠ್ಯಗಳ ಗಣಕೀಕರಣ: ಅಕ್ಷರಸಂಕೇತ ಮತ್ತು ಶೋಧ್ಯತೆ

ಕನ್ನಡ ಜಾನಪದ ಪಠ್ಯಗಳು ಗಣಕಕ್ಕೆ ಏರಿದ ಚರಿತ್ರೆಯಲ್ಲಿ ಸಂಗ್ರಹಕಾರ್ಯದಷ್ಟೇ ಮುಖ್ಯವಾದುದು ಅಕ್ಷರಸಂಕೇತದ ಪ್ರಶ್ನೆ. 1991ರಲ್ಲಿ ಭಾರತೀಯ ಲಿಪಿಗಳಿಗಾಗಿ ‘ಇಸ್ಕಿ’ ಮಾನಕ ಪ್ರಕಟವಾಯಿತು; ಅದೇ ವರ್ಷ ಹೊರಬಂದ ಯುನಿಕೋಡ್‌ನ ಮೊದಲ ಆವೃತ್ತಿಯಲ್ಲಿಯೂ ಕನ್ನಡಕ್ಕೆ ಸ್ಥಾನ ದೊರೆಯಿತು. ಆದರೆ ಮುದ್ರಣಕ್ಕೆಂದು ಬಳಕೆಗೆ ಬಂದ ಅನೇಕ ಫಾಂಟುಗಳು ರೋಮನ್ ಲಿಪಿಗೆ ಮೀಸಲಾದ ಸಂಕೇತಸ್ಥಾನಗಳಲ್ಲಿ ಕನ್ನಡದ ಆಕೃತಿಗಳನ್ನು ಕೂರಿಸಿದ್ದವು. ಹೀಗಾಗಿ ಕಣ್ಣಿಗೆ ಕನ್ನಡವಾಗಿ ಕಾಣುವ ಪುಟವು ಶೋಧಯಂತ್ರಕ್ಕೆ ಅರ್ಥವಿಲ್ಲದ ಚಿಹ್ನೆಗಳ ಸಾಲಾಯಿತು.

ಯುನಿಕೋಡ್‌ಗೆ ಪರಿವರ್ತಿಸುವುದರಿಂದ ಈ ತೊಡಕು ಬಹುಮಟ್ಟಿಗೆ ನೀಗುತ್ತದೆ. ಜಾನಪದಕ್ಕೆ ವಿಶಿಷ್ಟವಾದ ತೊಡಕು ಮತ್ತೊಂದಿದೆ. ಹಳೆಯ ಮೈಸೂರು ಸೀಮೆಯ ಹಾಡುಗಾರ್ತಿಯ ಉಚ್ಚಾರವನ್ನು ನಿಷ್ಠೆಯಿಂದ ಬರೆದುಕೊಂಡ ಪಠ್ಯದಲ್ಲಿ ‘ಹಾಲು’ ‘ಆಲು’ ಆಗಿರುತ್ತದೆ. ಗ್ರಾಂಥಿಕ ರೂಪ ಕೊಟ್ಟು ಹುಡುಕುವವರಿಗೆ ಅದು ದೊರೆಯದೆ ಹೋಗಬಹುದು. ಹುಡುಕಾಟಕ್ಕೆಂದು ಪಠ್ಯವನ್ನೇ ತಿದ್ದಿದರೆ ದಾಖಲೆ ಕೆಡುತ್ತದೆ. ಆದುದರಿಂದ ಪಠ್ಯವನ್ನು ಇದ್ದಂತೆಯೇ ಉಳಿಸಿ, ಹಾಡಿದವರ ಹೆಸರು, ಊರು, ಸಂಗ್ರಹದ ವರ್ಷ ಹಾಗೂ ಪದಗಳ ಗ್ರಾಂಥಿಕ ರೂಪಗಳನ್ನು ಪ್ರತ್ಯೇಕ ವಿವರಪಟ್ಟಿಯಾಗಿ ಜೋಡಿಸುವುದು ಸೂಕ್ತ. 1995ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ಡಬ್ಲಿನ್‌ನಲ್ಲಿ ನಡೆದ ಕಾರ್ಯಾಗಾರದಿಂದ ರೂಪುಗೊಂಡ ‘ಡಬ್ಲಿನ್ ಕೋರ್’ ಇಂತಹ ವಿವರಗಳಿಗೆ ಚೌಕಟ್ಟು ಒದಗಿಸಿದೆ.

ಈ ವಿವರಗಳನ್ನು ಕೈಬಿಟ್ಟಲ್ಲಿ ಹಾಡು ಉಳಿದೀತು. ಹಾಡಿದವರು ಮಾತ್ರ ಮತ್ತೊಮ್ಮೆ ಅಜ್ಞಾತರಾಗುತ್ತಾರೆ.