ತಬ್ಬಲಿಗೆ ವಯಸ್ಸಿಲ್ಲ

ಪತ್ರಿಕೆಗಳ ಶೀರ್ಷಿಕೆಯಲ್ಲಿ ‘ತಬ್ಬಲಿ’ ಎಂಬ ಪದ ಇನ್ನೂ ಗಟ್ಟಿಯಾಗಿ ಉಳಿದಿದೆ. ಅಪಘಾತದಲ್ಲಿ ಅಪ್ಪ ಅಮ್ಮ ಇಬ್ಬರೂ ಹೋದರೆ ಮಕ್ಕಳು ತಬ್ಬಲಿ. ಹಿಂಡಿನಿಂದ ತಪ್ಪಿಸಿಕೊಂಡು ಕಾಫಿ ತೋಟದ ಅಂಚಿಗೆ ಬಂದು ನಿಂತ ಆನೆಮರಿ ತಬ್ಬಲಿ ಮರಿ. ತಮ್ಮ ಪರವಾಗಿ ಮಾತಾಡುವ ಒಬ್ಬ ನಾಯಕನೂ ಇಲ್ಲದ ಸಣ್ಣಪುಟ್ಟ ಜಾತಿಗಳನ್ನು ತಬ್ಬಲಿ ಸಮುದಾಯಗಳು ಎನ್ನುವ ರೂಢಿಯೂ ಬಂದಿದೆ. ಇಷ್ಟೆಲ್ಲ ಊರು ಸುತ್ತಿದರೂ ಈ ಪದಕ್ಕೆ ಕೊಟ್ಟಿಗೆಯ ನಂಟು ಬಿಟ್ಟಿಲ್ಲ. ಹಸು ಸತ್ತರೆ ಅದರ ಕರು ತಬ್ಬಲಿ. ಸಂಸ್ಕೃತದಿಂದ ಬಂದ ‘ಅನಾಥ’ ಎಂದರೆ ನಾಥನಿಲ್ಲದವನು. ಅಲ್ಲಿ ಇಲ್ಲವಾಗಿರುವುದು ಒಡೆಯ, ರಕ್ಷಕ. ಆಶ್ರಮದ ಬೋರ್ಡಿಗೆ, ಸರ್ಕಾರಿ ಅರ್ಜಿಗೆ ಅದು ಸರಿಹೋಗುತ್ತದೆ. ತಬ್ಬಲಿ ಎಂದ ಕೂಡಲೇ ಕೆಚ್ಚಲು ಹುಡುಕುವ ಬಾಯಿ ಕಣ್ಣಿಗೆ ಬರುತ್ತದೆ.

ಮೇ ತಿಂಗಳ ಎರಡನೇ ಭಾನುವಾರ, ಅಮ್ಮಂದಿರ ದಿನ ಬಂದಾಗಲೆಲ್ಲ ನನಗೆ ಈ ಪದ ನೆನಪಾಗುತ್ತದೆ. ಬೆಳಗಿನಿಂದಲೇ ಫೋನಿನ ತುಂಬ ಸ್ಟೇಟಸ್‌ಗಳು: ಅಮ್ಮನ ಹೆಗಲಿಗೆ ಕೈ ಹಾಕಿ ನಿಂತವರು, ಕೇಕ್ ತಿನ್ನಿಸುತ್ತಿರುವವರು. ಅವನ್ನು ನೋಡಿ ಖುಷಿಪಡುತ್ತಲೇ ಗಂಟಲು ಕಟ್ಟಿಕೊಳ್ಳುವವರು ಎಷ್ಟೋ ಮಂದಿ. ಅಮ್ಮ ತೀರಿಕೊಂಡು ಇಪ್ಪತ್ತು ವರ್ಷವಾಗಿದ್ದರೆ, ತಲೆಯ ಕೂದಲು ಹಣ್ಣಾಗಿದ್ದರೆ, ಈಗಲೂ ಅಳು ಬರುತ್ತದೆ ಎಂದು ಹೇಳಿಕೊಳ್ಳಲು ಅವರಿಗೆ ಸಂಕೋಚ.

ಮಂಡ್ಯ ಕಡೆಯ ನಮ್ಮ ದೊಡ್ಡಮ್ಮನಿಗೆ ಆ ಸಂಕೋಚ ಇರಲಿಲ್ಲ. ಅವರ ತಾಯಿ ತೊಂಬತ್ತರ ಆಸುಪಾಸಿನಲ್ಲಿ ಹೋದರು. ಆಗಲೇ ದೊಡ್ಡಮ್ಮನೂ ಮೊಮ್ಮಕ್ಕಳನ್ನು ಕಂಡಿದ್ದರು. ತಿಥಿಯ ಊಟ ಮುಗಿದ ಮೇಲೆ ಹಜಾರದಲ್ಲಿ ಕೂತು ಅವರು ತಾಯಿಯ ಎಲೆಯಡಿಕೆ ಚೀಲವನ್ನು ಬಿಚ್ಚಿದರು. ಒಳಗೆ ಅರ್ಧ ಕತ್ತರಿಸಿದ ಅಡಿಕೆ, ಮುದುರಿದ ಹತ್ತು ರೂಪಾಯಿಯ ನೋಟು, ಸುಣ್ಣದ ಡಬ್ಬಿ. ಡಬ್ಬಿಯಲ್ಲಿ ಸುಣ್ಣ ಒಣಗಿ ಬಿರುಕು ಬಿಟ್ಟಿತ್ತು. ಅದರ ಮೇಲೆ ಬೆರಳು ಒತ್ತಿ ಬಾಚಿದ ಗುರುತು ಹಾಗೇ ಇತ್ತು. ಪಕ್ಕದ ಮನೆಯವರು, “ತುಂಬು ಬಾಳು ಬಾಳಿ ಹೋಗವ್ರೆ, ಅಳಬಾರ್ದು ಕಣವ್ವ” ಎಂದರು. ದೊಡ್ಡಮ್ಮ, “ನನ್ನ ಕೂಸೇ ಅಂತ ಕೂಗೋರು ಇನ್ಯಾರವ್ರೆ ಹೇಳಕ್ಕ? ತಬ್ಬಲಿ ಆಗ್ಬುಟ್ಟೆ” ಎಂದರು. ಅಲ್ಲಿದ್ದವರಲ್ಲಿ ಒಬ್ಬರಿಗೂ ಈ ವಯಸ್ಸಿನಲ್ಲಿ ಎಂಥ ತಬ್ಬಲಿ ಎಂದು ಕೇಳಬೇಕೆನ್ನಿಸಲಿಲ್ಲ. ಆ ಪದಕ್ಕೆ ವಯಸ್ಸಿನ ಮಿತಿಯೇ ಇಲ್ಲ ಎಂಬುದು ಎಲ್ಲರಿಗೂ ತಿಳಿದಿತ್ತು. ಧಾರವಾಡದ ಕಡೆ ಇದೇ ಸಂಕಟಕ್ಕೆ ‘ಪರದೇಶಿ ಆದೆ’ ಎನ್ನುತ್ತಾರೆ. ಹುಟ್ಟಿದ ಊರಿನ ಅಂಗಳದಲ್ಲೇ ಕೂತಿದ್ದರೂ, ಅವ್ವ ಹೋದ ಮೇಲೆ ಅದು ಪರದೇಶವೇ.

ಅಮ್ಮಂದಿರ ದಿನವನ್ನು ಅಂಗಡಿಯವರು ಹುಟ್ಟಿಸಿದರು ಎಂದು ತಳ್ಳಿಹಾಕುವವರಿದ್ದಾರೆ. ಅದು ಹುಟ್ಟಿದ್ದು ಒಬ್ಬ ತಬ್ಬಲಿ ಮಗಳಿಂದ. ಅಮೆರಿಕದ ವೆಸ್ಟ್ ವರ್ಜೀನಿಯಾದ ಆ್ಯನ್ ರೀವ್ಸ್ ಜಾರ್ವಿಸ್ ಹತ್ತಕ್ಕೂ ಹೆಚ್ಚು ಮಕ್ಕಳನ್ನು ಹೆತ್ತವಳು. ದೊಡ್ಡವರಾಗುವ ತನಕ ಬದುಕಿ ಉಳಿದವರು ನಾಲ್ವರೇ. ಮಕ್ಕಳನ್ನು ಕಳೆದುಕೊಂಡ ಆ ತಾಯಿ ಊರೂರಿನ ಹೆಂಗಸರನ್ನು ಸೇರಿಸಿ, ಕಾಯಿಲೆ ತಡೆಯಲು ಶುಚಿತ್ವದ ಪಾಠ ಹೇಳುವ ಸಂಘಗಳನ್ನು ಕಟ್ಟಿದ್ದಳು. ಅವಳು 1905ರ ಮೇ ತಿಂಗಳಲ್ಲಿ ತೀರಿಕೊಂಡಳು. ಮಗಳು ಆ್ಯನಾ ಜಾರ್ವಿಸ್ ಆ ದುಃಖವನ್ನು ಕೆಳಗಿಳಿಸದೆ ಹೊತ್ತು ನಡೆದು, 1908ರ ಮೇ 10ರಂದು ಗ್ರಾಫ್ಟನ್ ಊರಿನ ಚರ್ಚಿನಲ್ಲಿ ತಾಯಂದಿರಿಗಾಗಿ ಪ್ರಾರ್ಥನೆ ನಡೆಯುವಂತೆ ಮಾಡಿದಳು. ತಾಯಿಗೆ ಇಷ್ಟವಾಗಿದ್ದ ಬಿಳಿ ಕಾರ್ನೇಷನ್ ಹೂಗಳನ್ನು ಅಲ್ಲಿಗೆ 500ರಷ್ಟು ಕಳಿಸಿಕೊಟ್ಟಳು. 1914ರಲ್ಲಿ ಅಧ್ಯಕ್ಷ ವುಡ್ರೋ ವಿಲ್ಸನ್ ಅಮ್ಮಂದಿರ ದಿನವನ್ನು ರಾಷ್ಟ್ರದ ದಿನವೆಂದು ಸಾರಿದರು. ಬರಬರುತ್ತಾ ತಾಯಿ ಇರುವವರು ಕೆಂಪು ಹೂ, ಇಲ್ಲದವರು ಬಿಳಿ ಹೂ ಧರಿಸುವ ರೂಢಿ ಬೆಳೆಯಿತು. ಹೂವಿನ, ಕಾರ್ಡಿನ ವ್ಯಾಪಾರ ಜೋರಾದಾಗ ಆ್ಯನಾ ಅದರ ವಿರುದ್ಧ ಉಳಿದ ಆಯುಷ್ಯವೆಲ್ಲ ಹೋರಾಡಿದಳು. ಮದುವೆಯಾಗಲಿಲ್ಲ, ಮಕ್ಕಳಿರಲಿಲ್ಲ, 1948ರಲ್ಲಿ ಆರೋಗ್ಯಧಾಮವೊಂದರಲ್ಲಿ ತೀರಿಕೊಂಡಳು. ಈ ದಿನ ಯಾರಿಗಾಗಿ ಎಂದು ಕೇಳಿದರೆ ತಾಯಿಯನ್ನು ಕಳೆದುಕೊಂಡವರ ಹೆಸರನ್ನೇ ನಾನು ಮೊದಲು ಹೇಳುತ್ತೇನೆ. ಅವರು ಈ ಹಬ್ಬಕ್ಕೆ ಕರೆಯದೆ ಬಂದ ನೆಂಟರಲ್ಲ, ಮನೆಯವರು.

ಇದಕ್ಕಿಂತ ಬಿಗಿಯಾದ ಇನ್ನೊಂದು ಗಂಟಿದೆ. ಅದನ್ನು ಬಿಡಿಸಲು ನನಗೆ ಪುಣ್ಯಕೋಟಿ ಎಂಬ ಹಸುವಿನ ಕಥೆ ಹೇಳುವ ‘ಗೋವಿನ ಹಾಡು’ ಬೇಕು. ಎಸ್.ಎಲ್. ಭೈರಪ್ಪನವರ 1968ರ ಕಾದಂಬರಿ ‘ತಬ್ಬಲಿಯು ನೀನಾದೆ ಮಗನೆ’ ತನ್ನ ಹೆಸರನ್ನು, ಹೆಸರಿನೊಳಗಿನ ‘ತಬ್ಬಲಿ’ಯನ್ನು ಎತ್ತಿಕೊಂಡಿದ್ದು ಆ ಹಾಡಿನಿಂದಲೇ. ಮರಳಿ ಬಂದು ನಿನಗೆ ಆಹಾರವಾಗುತ್ತೇನೆ ಎಂದು ಹುಲಿಗೆ ಕೊಟ್ಟ ಮಾತು ಉಳಿಸಿಕೊಳ್ಳಲು ಹೊರಟ ಪುಣ್ಯಕೋಟಿ ಕರುವಿಗೆ ಕೊನೆಯ ಬಾರಿ ಹಾಲೂಡಿಸಿ, ನೀನಿನ್ನು ತಬ್ಬಲಿ ಎಂದು ತನ್ನ ಬಾಯಿಯಿಂದಲೇ ಹೇಳುತ್ತಾಳೆ. ಹೇಳುವಾಗ ತಾಯಿ ಕಣ್ಣೆದುರೇ ನಿಂತಿದ್ದಾಳೆ, ಉಸಿರಾಡುತ್ತಿದ್ದಾಳೆ. ಹುಲಿ ಅವಳನ್ನು ಮುಟ್ಟಿಲ್ಲ, ಮುಂದೆ ಮುಟ್ಟುವುದೂ ಇಲ್ಲ. ಆದರೂ ಕರು ಆ ಗಳಿಗೆಯಲ್ಲಿ ನಿಜವಾಗಿಯೂ ತಬ್ಬಲಿ.

ತಾಯಿ ಬದುಕಿದ್ದೂ ತಬ್ಬಲಿಯಾದವರು ನಮ್ಮ ನಡುವೆ ಬಹಳ ಇದ್ದಾರೆ. ಮರೆವಿನ ಕಾಯಿಲೆಯ ಅಮ್ಮನಿಗೆ ದಿನವೂ ಊಟ ಮಾಡಿಸುವ ಮಗಳನ್ನು ನೋಡಿ. ಅಮ್ಮ ಅವಳ ಮುಖ ನೋಡಿ, “ನೀವು ಯಾರ ಮನೆಯವರಮ್ಮ, ಊಟ ಆಯ್ತಾ?” ಎಂದು ಬಹುವಚನದಲ್ಲಿ ಉಪಚರಿಸುತ್ತಾಳೆ. ಏಕವಚನದಲ್ಲಿ ಗದರುತ್ತಿದ್ದ ಅಮ್ಮನನ್ನು ಆ ಮಗಳು ಎಲ್ಲಿಂದ ತರಬೇಕು? ಇನ್ನು ತಾಯಿಯಿಂದಲೇ ಪೆಟ್ಟು ತಿಂದವರು, ಜಾತಿ ಬಿಟ್ಟು ಮದುವೆಯಾದ ತಪ್ಪಿಗೆ ತಾಯಿಯ ಬಾಗಿಲು ಮುಚ್ಚಿಸಿಕೊಂಡವರು, ಎಂದೂ ಸಾಕೆನ್ನಿಸದ ಮಗಳಾಗಿಯೇ ಬೆಳೆದವರು ಇದ್ದಾರೆ. ಅವರ ಪಾಡು ಇನ್ನೂ ಕಷ್ಟ. ಕೆಟ್ಟ ಮಗ ಇರಬಹುದು, ಕೆಟ್ಟ ತಾಯಿ ಇರಲಾರಳು ಎಂದು ಕೇಳುತ್ತಲೇ ಬೆಳೆದ ನಾಡಿನಲ್ಲಿ ಅವರು ಬಾಯಿ ಬಿಟ್ಟರೆ ತಪ್ಪು ಅವರ ತಲೆಗೇ ಬರುತ್ತದೆ. ಆ ಭಾನುವಾರ ಅವರು ಫೋನ್ ತೆಗೆದಿಟ್ಟರೆ, ತಾಯಿಗೆ ಫೋನ್ ಮಾಡದೆ ಉಳಿದರೆ, ಅಥವಾ ಕೋಪವಿದ್ದೂ ಕರೆ ಮಾಡಿ ಎರಡು ನಿಮಿಷ ಮಾತಾಡಿ ಇಟ್ಟರೆ, ಯಾವುದೂ ಅಪರಾಧವಲ್ಲ. ಪ್ರೀತಿಯೂ ಸಿಟ್ಟೂ ಒಂದೇ ಕರುಳಿನಲ್ಲಿ ಇರುತ್ತವೆ. ಒಂದನ್ನು ಹೊರಗೆ ಹಾಕಿದ ಮೇಲೇ ಇನ್ನೊಂದು ನಿಜವಾಗಬೇಕಿಲ್ಲ.

ಪುಣ್ಯಕೋಟಿ ಕರುವಿಗೆ ಅಳಬೇಡ ಎಂದು ಹೇಳಿ ಸುಮ್ಮನಾಗುವುದಿಲ್ಲ ಎಂಬುದನ್ನೂ ಗಮನಿಸಬೇಕು. ದೊಡ್ಡಿಯ ಉಳಿದ ಹಸುಗಳನ್ನು ಕರೆದು, ಈ ಕಂದ ಹತ್ತಿರ ಬಂದಾಗ ಹಾಯಬೇಡಿ, ಒದೆಯಬೇಡಿ ಎಂದು ಬೇಡಿಕೊಳ್ಳುತ್ತಾಳೆ. ಪಾಲನೆಯ ಭಾರವನ್ನು ಹಿಂಡಿಗೇ ಒಪ್ಪಿಸಿ ಹೋಗುತ್ತಾಳೆ.

ಹಾಗಾಗಿ ಅಮ್ಮಂದಿರ ದಿನಕ್ಕೆ ಕಾರ್ಡ್ ಮಾಡಿಸುವ ಶಾಲೆಗಳ ಮಿಸ್‌ಗಳಿಗೆ ನನ್ನದೊಂದು ಕೋರಿಕೆ. ತರಗತಿಯಲ್ಲಿ ತಾಯಿ ಇಲ್ಲದ ಒಂದು ಮಗುವಾದರೂ ಇದ್ದೀತು. ತಾಯಿ ಬಿಟ್ಟುಹೋದ ಮಗುವೂ ಇರಬಹುದು. ಎಲ್ಲರಿಗೂ ‘ಐ ಲವ್ ಯೂ ಅಮ್ಮ’ ಎಂದು ಬರೆಸುವ ಮೊದಲು, “ನಿನ್ನ ಕಾರ್ಡ್ ಯಾರಿಗೆ ಪುಟ್ಟ?” ಎಂದು ಒಂದು ಮಾತು ಕೇಳಿ. ತಲೆ ಬಾಚುವ ಅಜ್ಜಿಗೆ ಇರಲಿ, ಟಿಫನ್ ಕಟ್ಟುವ ಅಪ್ಪನಿಗೆ ಇರಲಿ, ಗೋಡೆಯ ಮೇಲಿನ ಫೋಟೋಗೆ ಇರಲಿ. ಯಾರಿಗೂ ಬೇಡ, ನಾನು ಬರೀ ಚಿತ್ರ ಬಿಡಿಸುತ್ತೇನೆ ಎಂದರೆ ಬಣ್ಣದ ಪೆನ್ಸಿಲ್ ಡಬ್ಬಿಯನ್ನು ಅದರ ಕೈಗೆ ಕೊಡಿ.