ಬಂದರೆ, ಹೋದರೆ

ಮಳೆಗಾಲ ಬಂದರೆ ಮಂಡಗದ್ದೆಯಲ್ಲಿ ತುಂಗೆಯ ನಡುಗಡ್ಡೆಗೆ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟಲು ಬರುತ್ತವೆ. ಈ ಮಾತು ಕೇಳಿದ ಯಾರೂ 'ಬರದಿದ್ದರೆ?' ಎನ್ನುವುದಿಲ್ಲ. ನಮ್ಮ 'ರೆ' ಅಷ್ಟು ಸಲೀಸು. 'ಬೆಳಗಾದರೆ ಒಲೆ ಮುಂದೆ' ಎಂದು ಗೊಣಗುವ ಗೃಹಿಣಿಗೆ ಬೆಳಗಾಗುವುದರ ಬಗ್ಗೆ ಸಂಶಯವೇನೂ ಇಲ್ಲ. ಅವಳ 'ರೆ'ಗೆ 'ಆದಾಗಲೆಲ್ಲ' ಎಂದೇ ಅರ್ಥ.

ಕಂಪ್ಯೂಟರಿನ 'ರೆ' ಹಾಗಲ್ಲ. ಅದಕ್ಕೊಂದು ಚರಿತ್ರೆಯೂ ಇದೆ. 1957ರ ಫೋರ್ಟ್ರಾನ್ ಭಾಷೆಯಲ್ಲಿ 'ಇಫ್' ಎಂದರೆ ಮೂರು ದಾರಿಯ ಕೈಮರ. ಲೆಕ್ಕದ ಫಲ ಸೊನ್ನೆಗಿಂತ ಕಡಿಮೆಯಾದರೆ ಇತ್ತ, ಸೊನ್ನೆಯಾದರೆ ಅತ್ತ, ಹೆಚ್ಚಾದರೆ ಇನ್ನೊಂದು ಕಡೆ. 1964ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಕೆಮೆನಿ, ಕರ್ಟ್ಜ್ ಎಂಬ ಇಬ್ಬರು ಗಣಿತದ ಮೇಷ್ಟ್ರುಗಳು, ವಿಜ್ಞಾನ ಓದದವರೂ ಕಲಿಯಲೆಂದು ಬೇಸಿಕ್ ಭಾಷೆ ಮಾಡಿದರು. ಅಲ್ಲಿ 'ಇಫ್'ನ ಹಿಂದೆ 'ದೆನ್' ಬಂತು. ಓದಿದರೆ ಮಾತಿನ ಹಾಗೇ ಕೇಳುತ್ತಿತ್ತು. ನಮ್ಮ ದೇಶದಲ್ಲಿ 1984ರಲ್ಲಿ ಶುರುವಾದ 'ಕ್ಲಾಸ್' ಯೋಜನೆಯಲ್ಲಿ ಆಯ್ದ ಶಾಲೆಗಳಿಗೆ ಬಿಬಿಸಿ ಮೈಕ್ರೋ ಯಂತ್ರಗಳು ಬಂದಾಗ, ಅವುಗಳೊಳಗೆ ಇದ್ದದ್ದೂ ಬೇಸಿಕ್ಕೇ.

ಮಾತಿನ ಹಾಗೆ ಕೇಳಿದ್ದೇ ತೊಡಕಾಯಿತೆಂದು ನನಗನ್ನಿಸುತ್ತದೆ. ಮಗುವೊಂದು ಹೀಗೆ ಬರೆಯಿತೆನ್ನಿ: ಮೊದಲ ಸಾಲಿನಲ್ಲಿ, ಮಳೆ ಸೊನ್ನೆ. ಎರಡನೆಯದರಲ್ಲಿ, ಮಳೆ ಒಂದಾಗಿದ್ದರೆ 'ಹಕ್ಕಿ ಬಂತು' ಎಂದು ತೋರಿಸು. ಮೂರನೆಯದರಲ್ಲಿ, ಮಳೆಯನ್ನು ಒಂದು ಮಾಡು. ಓಡಿಸಿ ನೋಡಿದರೆ ತೆರೆ ಖಾಲಿ! ಮಳೆ ಬಂತಲ್ಲ, ಹಕ್ಕಿ ಎಲ್ಲಿ? ಯಂತ್ರ ಎರಡನೆಯ ಸಾಲಿಗೆ ಬಂದಾಗ ಒಮ್ಮೆ ಕಣ್ಣೆತ್ತಿ ನೋಡಿತು, ಮಳೆ ಇರಲಿಲ್ಲ, ಮುಂದೆ ನಡೆಯಿತು. ಹೊಳೆದಂಡೆಯಲ್ಲಿ ನಿಂತು ಆಕಾಶ ಕಾಯುವ ಅಭ್ಯಾಸ ಅದಕ್ಕಿಲ್ಲ.

ಇಂಥ ಮಗುವನ್ನು ದಡ್ಡ ಎನ್ನುವವರು ರಾಯ್ ಪೀ 1986ರಲ್ಲಿ ಬರೆದದ್ದನ್ನು ಓದಬೇಕು. ಅಮೆರಿಕದ ಪ್ರೌಢಶಾಲೆಯ ಮಕ್ಕಳೂ ಇದೇ ರೀತಿ, 'ಇಫ್' ಸದಾ ಎಚ್ಚರವಾಗಿ ಕಾಯುತ್ತಿರುತ್ತದೆಂದು ನಂಬಿದ್ದನ್ನು ಅವರು ಕಂಡರು. ಯಂತ್ರದೊಳಗೆ ನಮ್ಮ ಮನಸ್ಸನ್ನು ಬಲ್ಲ ಇನ್ನೊಂದು ಮನಸ್ಸು ಅಡಗಿದೆಯೆಂಬ ಎಣಿಕೆಯೇ ಅದರ ಬೇರು ಎಂದರು. ಎಣಿಕೆ ಎಲ್ಲಿಂದ ಬಂತೆಂದು ಹುಡುಕಲು ದೂರ ಹೋಗಬೇಕಿಲ್ಲ. 'ಬೇಕಾದರೆ ಕೇಳು' ಎಂದು ಬಡಿಸಿದ ತಾಯಿ ಊಟ ಮುಗಿಯುವ ತನಕ ಕಿವಿ ತೆರೆದೇ ಇರುತ್ತಾಳೆ. ಮಗು ಕಲಿತ ಮೊದಲ 'ರೆ' ಅದು.

ಯಂತ್ರ ಕಾಯಬೇಕಾದರೆ ಕಾಯುವುದನ್ನೂ ಬರೆದು ಕೊಡಬೇಕು. ಕೊನೆಯಲ್ಲಿ 'ಎರಡನೆಯ ಸಾಲಿಗೆ ಮರಳು' ಎಂದು ನಾಲ್ಕನೆಯ ಸಾಲು. ಬೇಸಿಕ್ಕಿನಲ್ಲಿ ಅದಕ್ಕೆ 'ಗೋಟು' ಎಂಬ ಮಾತಿದೆ. ಆಗ ಹಕ್ಕಿ ಖಂಡಿತ ಬರುತ್ತದೆ. ಆದರೆ ಒಂದಲ್ಲ, ತೆರೆಯ ತುಂಬ 'ಹಕ್ಕಿ ಬಂತು, ಹಕ್ಕಿ ಬಂತು' ಎಂದು ನಿಲ್ಲದೆ ಸಾಲುಗಟ್ಟುತ್ತದೆ. ಅದನ್ನು ನಿಲ್ಲಿಸಲು ಇನ್ನೊಂದು 'ರೆ' ಬೇಕು.